ಏರುಪೇರಿಗೆ ಏರುಪೇರೇ ಮದ್ದು

ಚೈನಿಲ್ಲದ ಮೋಟರ್‌ಸೈಕಲ್ಲಿನಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರ ಮುಟ್ಟುವುದು ಒಂದು ಉಕ್ಕಿನ ಶಾಫ್ಟಿನ ಮೂಲಕ. ಸ್ವಿಂಗ್‌ಆರ್ಮಿನ ಟೊಳ್ಳಿನೊಳಗೆ ಅಡಗಿ ಕೂತ ಈ ಶಾಫ್ಟನ್ನು ಬೈಕಿನ ಒಡೆಯ ವರ್ಷಗಟ್ಟಲೆ ನೋಡದೇ ಇರಬಹುದು. ಸ್ವಿಂಗ್‌ಆರ್ಮ್ ಬಿಚ್ಚಿದ ದಿನ ಮಾತ್ರ ಅದರ ದರ್ಶನ. ಬಿಎಂಡಬ್ಲ್ಯು ಆರ್ 1150 ಜಿಎಸ್ ಬೈಕಿನ ಶಾಫ್ಟನ್ನು ಹಾಗೆ ಹೊರಗೆಳೆದು, ಹಳೇ ಗ್ರೀಸ್ ಒರೆಸಿ, ಮೇಜಿನ ಮೇಲಿಟ್ಟು ನೋಡಿ. ಇಡೀ ಗಾಡಿಯಲ್ಲಿ ಇದಕ್ಕಿಂತ ಚೆಲುವಾದ ಭಾಗ ಇನ್ನೊಂದಿಲ್ಲ ಅನ್ನಲು ನನಗೆ ಯಾವ ಅಳುಕೂ ಇಲ್ಲ. ಪೆಟ್ರೋಲ್ ಟ್ಯಾಂಕಿನ ಬಣ್ಣಕ್ಕೋ ಸೈಲೆನ್ಸರಿನ ಹೊಳಪಿಗೋ ಮರುಳಾಗುವವರು ಆಗಲಿ, ನನ್ನ ಓಟು ಇದಕ್ಕೆ.

ಶಾಫ್ಟಿನ ಎರಡು ತುದಿಗೂ ಒಂದೊಂದು ಯೂನಿವರ್ಸಲ್ ಜಾಯಿಂಟ್. ಮುಂದಿನದು ಗೇರ್‌ಬಾಕ್ಸಿನಿಂದ ಹೊರಚಾಚಿದ ದಂಡಕ್ಕೆ ಹೋಗಿ ಕೂರುತ್ತದೆ, ಹಿಂದಿನದು ಫೈನಲ್ ಡ್ರೈವಿನ ಪಿನಿಯನ್ನಿಗೆ. ನಡುವಿನ ಶಾಫ್ಟ್ ಎರಡು ತುಂಡು. ಒಂದರೊಳಗೆ ಒಂದು ಹಲ್ಲುಹಲ್ಲಾಗಿ ಕಚ್ಚಿಕೊಂಡು ಜಾರುತ್ತವೆ. ಚಕ್ರ ಮೇಲೆ ಕೆಳಗೆ ಆಡಿದಾಗ ಎರಡು ಜಾಯಿಂಟುಗಳ ನಡುವಿನ ದೂರ ಕೊಂಚ ಹೆಚ್ಚುಕಡಿಮೆಯಾಗುತ್ತದಲ್ಲ, ಆ ವ್ಯತ್ಯಾಸವನ್ನು ನುಂಗುವುದಕ್ಕೆ ಈ ಜಾರುವಿಕೆ. ಇಷ್ಟೇ ಸಾಮಾನು. ಇದರಲ್ಲಿ ಅಡಗಿರುವ ಜಾಣತನವನ್ನು ಸವಿಯಲು ಮಾತ್ರ ಸ್ವಲ್ಪ ಸಾವಧಾನ ಬೇಕು.

ಮೊದಲು ಒಂದು ಜಾಯಿಂಟನ್ನು ಕೈಗೆ ತೆಗೆದುಕೊಳ್ಳೋಣ. ನಡುವೆ ಒಂದು ಕ್ರಾಸ್, ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡು. ಅದರ ನಾಲ್ಕು ತೋಳಿಗೂ ನಾಲ್ಕು ಪುಟ್ಟ ಕಪ್ಪು, ಪ್ರತಿ ಕಪ್ಪಿನ ಒಳಗೋಡೆಗೆ ಸೂಜಿಯಂಥ ರೋಲರುಗಳ ಸಾಲು. ಎದುರುಬದುರಾದ ಎರಡು ತೋಳನ್ನು ಈ ಕಡೆಯ ಕವಲು ಹಿಡಿದಿರುತ್ತದೆ, ಉಳಿದೆರಡನ್ನು ಆ ಕಡೆಯ ಕವಲು. ಬಾಗಿಲಿನ ಎರಡು ಕೀಲುಗಳನ್ನು ಒಂದಕ್ಕೊಂದು ಅಡ್ಡಡ್ಡ ಜೋಡಿಸಿದ ಹಾಗೆ. ಒಂದು ಕೀಲು ಮೇಲೆ ಕೆಳಗೆ ಬಾಗಲು ಬಿಡುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಎರಡೂ ಸೇರಿದರೆ ಯಾವ ದಿಕ್ಕಿಗಾದರೂ ಸೈ, ಆದರೆ ತಿರುಚಲು ಮಾತ್ರ ಬಗ್ಗುವುದಿಲ್ಲ. ಚೆನ್ನಾಗಿರುವ ಜಾಯಿಂಟನ್ನು ಬೆರಳಲ್ಲಿ ಆಡಿಸಿದರೆ ಎಣ್ಣೆಯಲ್ಲಿ ಅದ್ದಿದಂಥ ಒಂದು ನಯ ತಿಳಿಯುತ್ತದೆ; ಎಲ್ಲೂ ತಡೆಯಿಲ್ಲ, ಎಲ್ಲೂ ಸಡಿಲವಿಲ್ಲ. ಹಾಳಾದದ್ದು ನೇರ ನಿಲ್ಲುವ ಜಾಗಕ್ಕೆ ಬಂದಾಗ ಟಕ್ ಎಂದು ಸಣ್ಣದಾಗಿ ಸಿಕ್ಕಿಕೊಳ್ಳುತ್ತದೆ. ಸೂಜಿ ರೋಲರುಗಳು ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಕ್ರಾಸಿನ ಮೈಯಲ್ಲಿ ಗೀರು ತೋಡಿವೆ ಎಂದು ಅರ್ಥ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗುವ ರೋಗ ಅದು.

ಇಷ್ಟು ಅಚ್ಚುಕಟ್ಟಾದ ಜಾಯಿಂಟಿಗೆ ಒಂದು ಹುಟ್ಟುಗುಣವಿದೆ. ಬಾಗಿ ನಿಂತಾಗ ಅದು ಒಂದೇ ಸಮನೆ ತಿರುಗುವುದಿಲ್ಲ. ಈ ಕಡೆಯ ದಂಡ ಗಡಿಯಾರದಷ್ಟು ಸಮವಾಗಿ ತಿರುಗುತ್ತಿದ್ದರೂ ಆ ಕಡೆಯ ದಂಡ ಸುತ್ತೊಂದಕ್ಕೆ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಕಾರಣ ಸರಳ. ಕ್ರಾಸಿನ ಒಂದು ಜೋಡಿ ತೋಳಿನ ತುದಿಗಳು ಮುಂದಿನ ದಂಡಕ್ಕೆ ಲಂಬವಾದ ವೃತ್ತದಲ್ಲಿ ಸುತ್ತಬೇಕು, ಇನ್ನೊಂದು ಜೋಡಿಯವು ಹಿಂದಿನ ದಂಡಕ್ಕೆ ಲಂಬವಾದ ವೃತ್ತದಲ್ಲಿ. ದಂಡಗಳು ಬಾಗಿದ್ದರೆ ವೃತ್ತಗಳೂ ಒಂದಕ್ಕೊಂದು ಓರೆ. ಓರೆಯಾದ ಎರಡು ವೃತ್ತಗಳ ಮೇಲೆ ನಡೆಯುತ್ತಲೇ ತಮ್ಮ ನಡುವಿನ ಲಂಬಕೋನವನ್ನು ಬಿಟ್ಟುಕೊಡಬಾರದೆಂದರೆ, ಒಬ್ಬರು ಆಗಾಗ ಹೆಜ್ಜೆ ಹಾಕುವ ವೇಗ ಬದಲಿಸಲೇಬೇಕು. ಬಾಗು 10 ಡಿಗ್ರಿಯಾದರೆ ಏರಿಳಿತ ಶೇಕಡಾ ಒಂದೂವರೆ, ಅಷ್ಟೇನೂ ಇಲ್ಲ. 20 ಡಿಗ್ರಿಗೆ ಅದು ಶೇಕಡಾ ಆರು ದಾಟುತ್ತದೆ. ಅಂದರೆ ಈ ಕಡೆ ನಿಮಿಷಕ್ಕೆ 3000 ಸುತ್ತು ಸಮನಾಗಿ ಕೊಟ್ಟರೆ, ಆ ಕಡೆಯ ವೇಗ ಪ್ರತಿ ಸುತ್ತಿನಲ್ಲೂ 2819ಕ್ಕೆ ಇಳಿದು 3193ಕ್ಕೆ ಏರುತ್ತಿರುತ್ತದೆ. ಸುತ್ತಿನ ಲೆಕ್ಕ ತಪ್ಪುವುದಿಲ್ಲ, ನಡಿಗೆ ತಪ್ಪುತ್ತದೆ.

ಈ ಗುಣವನ್ನು ದೋಷವೆಂದು ತಳ್ಳಿಹಾಕದೆ ಕೆಲಸಕ್ಕೆ ಹಚ್ಚಿದವನು ಇಂಗ್ಲೆಂಡಿನ ರಾಬರ್ಟ್ ಹುಕ್, ಸ್ಪ್ರಿಂಗಿನ ನಿಯಮದಿಂದ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿರುವ ಅದೇ ಹುಕ್. ಯುರೋಪಿನ ಹಲವೆಡೆ ಈ ಜಾಯಿಂಟು 16ನೇ ಶತಮಾನದ ಇಟಲಿಯ ಜೆರೋಲಮೊ ಕಾರ್ಡಾನೊನ ಹೆಸರಿನಲ್ಲಿ ನಡೆದರೂ, 1676ರಲ್ಲಿ ಸೂರ್ಯವೀಕ್ಷಣೆಯ ಉಪಕರಣಗಳ ಕುರಿತ ತನ್ನ ಪುಸ್ತಕದಲ್ಲಿ ಅದನ್ನು ಯೂನಿವರ್ಸಲ್ ಎಂದು ಕರೆದವನು ಹುಕ್. ಅವನ ತಲೆಯಲ್ಲಿದ್ದದ್ದು ಗಾಡಿಯಲ್ಲ, ನೆರಳು ಗಡಿಯಾರ. ನೆಲಕ್ಕೆ ಮಲಗಿಸಿದ ನೆರಳು ಗಡಿಯಾರದಲ್ಲಿ ಗಂಟೆಯ ಗೆರೆಗಳು ಸಮದೂರದಲ್ಲಿ ಇರುವುದಿಲ್ಲ. ನಡುಹಗಲಿನ ಸುತ್ತ ಒತ್ತೊತ್ತಾಗಿ, ಬೆಳಗು ಸಂಜೆಯ ಕಡೆಗೆ ಅಗಲಗಲವಾಗಿ ಹರಡಿಕೊಳ್ಳುತ್ತವೆ. ಸೂರ್ಯ ಸಮನಾಗಿ ಸಾಗಿದರೂ ನೆರಳು ಏರುಪೇರಾಗಿ ಸಾಗುವ ಆ ಲೆಕ್ಕವೂ ಬಾಗಿದ ಜಾಯಿಂಟಿನ ಲೆಕ್ಕವೂ ಅಕ್ಷರಶಃ ಒಂದೇ. ಒಂದು ದಂಡವನ್ನು ಧ್ರುವದ ಕಡೆಗೆ ತಿರುಗಿಸಿ, ಇನ್ನೊಂದನ್ನು ಹಲಗೆಗೆ ಲಂಬವಾಗಿ ನಿಲ್ಲಿಸಿ, ಮೊದಲನೆಯದನ್ನು ಗಂಟೆಗೆ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಎರಡನೆಯದಕ್ಕೆ ಕಟ್ಟಿದ ಮುಳ್ಳು ಗೆರೆ ಎಳೆಯಬೇಕಾದ ಜಾಗವನ್ನು ತಾನೇ ತೋರಿಸುತ್ತದೆ. ಲಂಡನ್ನಿನ ಅಕ್ಷಾಂಶಕ್ಕೆ ಜಾಯಿಂಟು ಬಾಗಬೇಕಾದದ್ದು ಸುಮಾರು 38 ಡಿಗ್ರಿ, ಆಗುವ ಮಾತು. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿಗೆ 77 ಡಿಗ್ರಿ ಬಾಗಬೇಕು. ಅಷ್ಟು ಬಗ್ಗಿದರೆ ಸಾಮಾನ್ಯ ಜಾಯಿಂಟಿನ ಕವಲುಗಳು ಒಂದಕ್ಕೊಂದು ಬಡಿದು ನಿಲ್ಲುತ್ತವೆ. ಹುಕ್ ನಮ್ಮೂರಲ್ಲಿ ಹುಟ್ಟಿದ್ದರೆ ಈ ಉಪಾಯ ಹೊಳೆಯುತ್ತಿತ್ತೋ ಇಲ್ಲವೋ.

ಆಕಾಶದಲ್ಲೂ ಇಂಥದೊಂದು ಜಾಯಿಂಟು ಉಂಟು. ಸೂರ್ಯನ ವಾರ್ಷಿಕ ಪಥ ವಿಷುವದ್ವೃತ್ತಕ್ಕೆ ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ. ಆ ಓರೆಯಿಂದಾಗಿ ನಡುಹಗಲು ವರ್ಷಕ್ಕೆ ಎರಡು ಸಲ ಸುಮಾರು ಹತ್ತು ನಿಮಿಷ ಮುಂದಾಗಿ, ಎರಡು ಸಲ ಅಷ್ಟೇ ಹಿಂದಾಗುತ್ತದೆ. ಸುತ್ತೊಂದಕ್ಕೆ ಎರಡೆರಡು ಸಲ, ನಮ್ಮ ಶಾಫ್ಟಿನ ಹಾಗೆಯೇ. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಉದಯಾಂತರವೆಂಬ ಹೆಸರಿನಲ್ಲಿ ತಿದ್ದಿದ್ದು ಈ ಏರುಪೇರನ್ನೇ. ಗ್ರೀಸ್ ಮೆತ್ತಿದ ಕೈಯಲ್ಲಿ ಇರುವುದು ಪಂಚಾಂಗದ ಗಣಿತ ಎಂದು ನೆನೆದರೆ ಕೆಲಸದ ರುಚಿ ಒಂದು ಗುಕ್ಕು ಹೆಚ್ಚುತ್ತದೆ.

ಪಂಚಾಂಗ ಈ ಏರುಪೇರನ್ನು ಲೆಕ್ಕದಿಂದ ಕಳೆಯುತ್ತದೆ. ಶಾಫ್ಟು ಹೇಗೆ ಕಳೆಯಬೇಕು? ಅದೇ ಏರುಪೇರನ್ನು ಇನ್ನೊಂದು ಸಲ, ಆದರೆ ತಿರುವುಮುರುವಾಗಿ ಮಾಡಿ. ಎರಡು ಜಾಯಿಂಟುಗಳನ್ನು ಒಂದೇ ಕೋನಕ್ಕೆ ಬಗ್ಗಿಸಿ, ನಡುವಿನ ಶಾಫ್ಟಿನ ಎರಡು ತುದಿಯ ಕವಲುಗಳನ್ನು ಒಂದೇ ಸಮತಳದಲ್ಲಿ ನಿಲ್ಲಿಸಿದರೆ, ಮೊದಲನೆಯದು ಕೆಡಿಸಿದ್ದನ್ನು ಎರಡನೆಯದು ಸರಿಮಾಡುತ್ತದೆ. ಇದನ್ನು ನಂಬಲು ಸೂತ್ರ ಬೇಡ. ನಡುವಿನ ಶಾಫ್ಟಿನ ಮೇಲೆ ಕೂತವನ ಕಣ್ಣಿನಿಂದ ನೋಡಿದರೆ ಸಾಕು. ಮುಂದಿನ ಗೇರ್‌ಬಾಕ್ಸಿನ ದಂಡ, ಹಿಂದಿನ ಪಿನಿಯನ್ ದಂಡ, ಎರಡೂ ಅವನಿಗೆ ಒಂದೇ ಕೋನದಲ್ಲಿ ಬಾಗಿವೆ, ಎರಡನ್ನೂ ಅವನು ಹಿಡಿದಿರುವ ಕವಲು ಒಂದೇ ಭಂಗಿಯಲ್ಲಿದೆ. ಅವನು ಓಡಿದಾಗ ಇಬ್ಬರೂ ಅವನಿಗಿಂತ ಅಷ್ಟಷ್ಟೇ ಹಿಂದೆ, ತಡೆದಾಗ ಅಷ್ಟಷ್ಟೇ ಮುಂದೆ. ಇಬ್ಬರಿಗೂ ಅವನೊಡನೆ ಇರುವ ಸಂಬಂಧ ಒಂದೇ ಆದಮೇಲೆ ಅವರಿಬ್ಬರ ನಡುವೆ ವ್ಯತ್ಯಾಸ ಬರುವುದೆಲ್ಲಿಂದ? ಗೇರ್‌ಬಾಕ್ಸು ಸಮನಾಗಿ ತಿರುಗಿದರೆ ಚಕ್ರವೂ ಸಮ.

ನನಗೆ ಬಹಳ ಹಿಡಿಸುವುದು ಇಲ್ಲಿನ ಒಂದು ಸೂಕ್ಷ್ಮ. ಏರುಪೇರು ಮಾಯವಾಗಿಲ್ಲ. ನಡುವಿನ ಶಾಫ್ಟು ಈಗಲೂ ಪ್ರತಿ ಸುತ್ತಿನಲ್ಲಿ ಎರಡು ಸಲ ದಾಪುಗಾಲು ಹಾಕುತ್ತದೆ, ಎರಡು ಸಲ ತಡವರಿಸುತ್ತದೆ. 90 ಕಿಲೋಮೀಟರ್ ವೇಗದಲ್ಲಿ ಜಿಎಸ್‌ನ ಹಿಂದಿನ ಚಕ್ರ ಸೆಕೆಂಡಿಗೆ ಹನ್ನೆರಡು ಸುತ್ತಿನ ಮೇಲೆ ತಿರುಗುತ್ತದೆ, ಚಕ್ರದ ಒಂದು ಸುತ್ತಿಗೆ ಶಾಫ್ಟಿನದು ಮೂರರ ಹತ್ತಿರ ಹತ್ತಿರ. ಅಂದರೆ ಸೆಕೆಂಡಿಗೆ ಸುಮಾರು 70 ಸಲ ಆ ಉಕ್ಕು ಮುಗ್ಗರಿಸಿ ಚೇತರಿಸಿಕೊಳ್ಳುತ್ತಿದೆ. ಎರಡು ಸಮಗಳ ನಡುವೆ ಒಂದು ವಿಷಮ ಸದ್ದಿಲ್ಲದೆ ದುಡಿಯುತ್ತಿದೆ. ಸವಾರನಿಗೆ ಅದರ ಸುಳಿವೇ ಇಲ್ಲ.

ಬಿಎಂಡಬ್ಲ್ಯು ಬೈಕುಗಳಿಗೆ ಈ ಎರಡನೇ ಜಾಯಿಂಟು ಬಂದದ್ದು ತಡವಾಗಿ, ಅದೂ ಬೇರೆ ಕಾರಣಕ್ಕೆ. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ರೂಪಿಸಿದ ಆರ್ 32 ಗಾಡಿಗೇ ಶಾಫ್ಟ್ ಇತ್ತು. ಕ್ರ್ಯಾಂಕು ಬೈಕಿನ ಉದ್ದಕ್ಕೆ ಮಲಗಿದ್ದರಿಂದ ಅದರದೇ ಸಾಲಿನಲ್ಲಿ ಹಿಂದಕ್ಕೆ ಶಾಫ್ಟು ಎಳೆಯುವುದು ಸಹಜವಾಗಿತ್ತು. ಹಿಂದೆ ಸಸ್ಪೆನ್ಷನ್ನೇ ಇಲ್ಲದ ಆ ಕಾಲಕ್ಕೆ ಬಾಗುವ ತಂಟೆಯೂ ಅಷ್ಟಾಗಿ ಇರಲಿಲ್ಲ. 1955ರಲ್ಲಿ ಸ್ವಿಂಗ್‌ಆರ್ಮ್ ಬಂದಾಗ ಗೇರ್‌ಬಾಕ್ಸಿನ ಬಳಿ ಒಂದೇ ಜಾಯಿಂಟು ಇಟ್ಟು, ಬಾಗು ಚಿಕ್ಕದಾಗಿರುವಂತೆ ನೋಡಿಕೊಂಡು ಕಾಲ ಹಾಕಿದರು. ಉಳಿದ ಗೋಳು ಆಕ್ಸಿಲರೇಟರ್ ತಿರುವಿದಾಗ ಗಾಡಿಯ ಹಿಂಭಾಗ ಮೇಲೇಳುವುದು, ಬಿಟ್ಟಾಗ ಕುಸಿಯುವುದು. ಜರ್ಮನ್ ಸವಾರರು ಈ ಗಾಡಿಗಳಿಗೆ ರಬ್ಬರ್ ಹಸು ಎಂದೇ ಅಡ್ಡಹೆಸರಿಟ್ಟರು. ಅದನ್ನು ಪಳಗಿಸಲು 1987ರಲ್ಲಿ ಆರ್ 80 ಜಿಎಸ್ ಮತ್ತು ಆರ್ 100 ಜಿಎಸ್ ಬೈಕುಗಳಲ್ಲಿ ಪ್ಯಾರಾಲಿವರ್ ತಂದರು. ಫೈನಲ್ ಡ್ರೈವನ್ನೂ ಸ್ವಿಂಗ್‌ಆರ್ಮಿಗೆ ಕೀಲಿನಿಂದ ತೂಗುಹಾಕಿ, ಒಂದು ಸರಳಿನಿಂದ ಗಾಡಿಯ ಮೈಗೆ ಕಟ್ಟಿದರು. ಹಿಂದೆಯೂ ಬಾಗು ಹುಟ್ಟಿದ್ದರಿಂದ ಎರಡನೇ ಜಾಯಿಂಟು ಬೇಕೇ ಬೇಕಾಯಿತು. ಆ ಸರಳು ಮುಂದಿನ ದಂಡವನ್ನೂ ಹಿಂದಿನ ದಂಡವನ್ನೂ ಹೆಚ್ಚುಕಡಿಮೆ ಸಮಾಂತರವಾಗಿ ಇಡುವುದರಿಂದ ಎರಡು ಕಡೆಯ ಬಾಗೂ ಹೆಚ್ಚುಕಡಿಮೆ ಸಮ. ಹಸುವಿನ ಕುಣಿತ ನಿಲ್ಲಿಸಲು ತಂದ ಜಾಯಿಂಟು ಶಾಫ್ಟಿನ ಹಳೇ ಏರುಪೇರನ್ನೂ ಕಳೆಯುವ ಅವಕಾಶ ತಂದುಕೊಟ್ಟಿತು. ಸಮಕೋನದ ಷರತ್ತನ್ನು ಎಂಜಿನಿಯರು ಪೂರೈಸಿಕೊಟ್ಟ. ಕವಲುಗಳನ್ನು ಸಾಲಾಗಿ ನಿಲ್ಲಿಸುವ ಷರತ್ತು ಮಾತ್ರ ಗಾಡಿ ಬಿಚ್ಚಿ ಕಟ್ಟುವವನ ಕೈಯಲ್ಲಿ ಉಳಿಯಿತು.

ಆ ಕೈಯ ಕೆಲಸವನ್ನು ಹತ್ತಿರದಿಂದ ನೋಡುವುದೇ ಒಂದು ಸುಖ. ಶಾಫ್ಟಿನಲ್ಲಿ ಹಲ್ಲು ಕೂಡುವ ಜಾಗ ಮೂರು: ಗೇರ್‌ಬಾಕ್ಸಿನ ಬಳಿ, ಪಿನಿಯನ್ನಿನ ಬಳಿ, ನಡುವೆ. ತುದಿಯ ಎರಡನ್ನು ಯಾವ ಹಲ್ಲಿಗೆ ಕೂರಿಸಿದರೂ ನಡೆಯುತ್ತದೆ. ಲೆಕ್ಕಕ್ಕೆ ಬರುವುದು ನಡುವಿನದೊಂದೇ, ಏಕೆಂದರೆ ಎರಡು ಒಳಕವಲುಗಳ ಮುಖ ನಿರ್ಧಾರವಾಗುವುದು ಅಲ್ಲಿ. ಬಿಚ್ಚುವ ಮೊದಲೇ ಎರಡು ತುಂಡಿನ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಆದರೂ ಗೆರೆಯನ್ನೇ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಹಿಂದೆ ಕಟ್ಟಿದವರು ತಪ್ಪಿ ಕಟ್ಟಿದ್ದರೆ ಗೆರೆ ತಪ್ಪನ್ನೇ ಕಾಪಾಡುತ್ತದೆ. ಸಾಲದ್ದಕ್ಕೆ ಈ ಶಾಫ್ಟಿನ ಒಂದು ಭಾಗದಲ್ಲಿ ಕೊಳವೆಯೊಳಗೆ ಕೊಳವೆ ಇಟ್ಟು ನಡುವೆ ರಬ್ಬರ್ ಬೆಸೆದಿದ್ದಾರೆ, ಗೇರ್ ಬದಲಿಸುವಾಗಿನ ಹೊಡೆತ ಮೆತ್ತಗಾಗಲಿ ಎಂದು. ಹಳತಾಗಿ ರಬ್ಬರಿನ ಬೆಸುಗೆ ಜಾರಿದರೆ, ಹಲ್ಲು ಸರಿಯಾಗಿದ್ದೂ ಕವಲುಗಳು ಹೊರಳಿಕೊಂಡಿರುತ್ತವೆ. ಹಾಗಾಗಿ ಕೊನೆಯ ಮಾತು ಕಣ್ಣಿನದೇ. ಎರಡು ತುಂಡನ್ನು ಜೋಡಿಸಿ ಸಮತಟ್ಟಾದ ಮೇಜಿನ ಮೇಲಿಟ್ಟು, ಒಂದು ತುದಿಗೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಬೇಕು. ಹತ್ತಿರದ ಕವಲಿನ ಎರಡು ಕಿವಿಯ ಹಿಂದೆ ದೂರದ ಕವಲಿನ ಎರಡು ಕಿವಿಯೂ ಮರೆಯಾದರೆ ಗೆದ್ದಂತೆ. ಒಂದು ಕಡೆ ಚೂರು ಇಣುಕಿದರೂ ಎಳೆದು, ಒಂದು ಹಲ್ಲು ತಿರುಗಿಸಿ, ಮತ್ತೆ ಕೂರಿಸಿ ನೋಡಬೇಕು. ಸರಿಯಾದ ಸ್ಥಾನ ಒಂದಲ್ಲ, ಎರಡು. ಅರ್ಧ ಸುತ್ತು ತಿರುಗಿಸಿ ಹಾಕಿದರೂ ಕವಲುಗಳು ಅದೇ ಸಮತಳಕ್ಕೆ ಬರುತ್ತವೆ. ಯಂತ್ರವೂ ಅಷ್ಟು ಉದಾರಿ.

ಒಂದು ಹಲ್ಲು ತಪ್ಪಿದರೆ ಏನು ಮಹಾ ಎನ್ನುವವರಿಗೆ ಗಣಿತದ ಉತ್ತರ ಸ್ವಲ್ಪ ಖಾರವಾಗಿದೆ. ಸುತ್ತಲೂ 20 ಹಲ್ಲಿರುವ ಒಂದು ಕೂಡಿಕೆ ಎಂದುಕೊಳ್ಳಿ, ಒಂದು ಹಲ್ಲೆಂದರೆ 18 ಡಿಗ್ರಿ. ಅಷ್ಟು ತಪ್ಪಿದರೆ ಒಂಟಿ ಜಾಯಿಂಟಿನ ಏರುಪೇರಿನಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಹಾಗೇ ಉಳಿದುಬಿಡುತ್ತದೆ. 30 ಡಿಗ್ರಿ ತಪ್ಪಿದರೆ ಎರಡನೇ ಜಾಯಿಂಟು ಇದ್ದೂ ಇಲ್ಲದಂತೆ. 90 ಡಿಗ್ರಿಗೆ ಹೋದರೆ ಕಳೆಯಬೇಕಾದವು ಕೂಡಿಕೊಂಡು ದುಪ್ಪಟ್ಟು. 20 ಡಿಗ್ರಿ ಬಾಗಿನಲ್ಲಿ ಚಕ್ರಕ್ಕೆ ಹೋಗುವ ವೇಗ ಶೇಕಡಾ 12-13ರಷ್ಟು ಜೋಲಿ ಹೊಡೆಯುತ್ತದೆ. ಫುಟ್‌ರೆಸ್ಟಿನಲ್ಲಿ ಪಾದ ಜುಮ್ಮೆನ್ನುವುದು ಅದರ ಮೊದಲ ವರದಿ. ಎರಡನೆಯದು ಸೂಜಿ ಬೇರಿಂಗುಗಳು ಆಯಸ್ಸಿಗೆ ಮುಂಚೆಯೇ ತೀರಿಹೋಗುವುದು. ಹಲ್ಲಿನ ಲೆಕ್ಕದಲ್ಲಿ ಅಲ್ಪತೃಪ್ತಿಗೆ ಜಾಗವಿಲ್ಲ.

ಸಾಲು ಸರಿಹೋದ ಮೇಲೆ ಹಲ್ಲುಗಳಿಗೆ ಮಾಲಿಬ್ಡಿನಮ್ ಪೇಸ್ಟ್. ಬೂದು ಬಣ್ಣದ ಈ ಪೇಸ್ಟು ಬೆರಳಿಗೆ ಮೆತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಬ್ರಷ್ಷಿನಲ್ಲಿ ಒಂದೊಂದು ಹಲ್ಲಿನ ಸಂದಿಗೂ ತೆಳ್ಳಗೆ ಹಚ್ಚುತ್ತಾರೆ. ಮುಂದಿನ ತುಂಡನ್ನು ಗೇರ್‌ಬಾಕ್ಸಿನ ದಂಡಕ್ಕೆ ಒತ್ತಿದಾಗ ಒಳಗಿನ ಸರ್ಕ್ಲಿಪ್ ತನ್ನ ತೋಡಿಗೆ ಬಿದ್ದು ಕಟ್ ಎನ್ನುತ್ತದೆ. ಆ ಸದ್ದು ಕೇಳದ ಹೊರತು ಮುಂದಿನ ಕೆಲಸಕ್ಕೆ ಕೈಹಾಕಬಾರದು. ಆಮೇಲೆ ಸ್ವಿಂಗ್‌ಆರ್ಮ್, ಅದರ ಹಿಂದೆ ಫೈನಲ್ ಡ್ರೈವ್. ಅದನ್ನು ಕೀಲಿಗೆ ತೂಗುಹಾಕಿ, ಕೆಳಗೆ ಇಳಿಬಿಟ್ಟು, ನಿಧಾನವಾಗಿ ಮೇಲಕ್ಕೆ ಎತ್ತುತ್ತ ಹಿಂದಿನ ಜಾಯಿಂಟಿಗೆ ಪಿನಿಯನ್ನಿನ ದಾರಿ ತೋರಿಸಬೇಕು. ಹಲ್ಲಿಗೆ ಹಲ್ಲು ಎದುರಾಗಿ ನಿಂತರೆ ಬಲ ಹಾಕುವುದು ದಡ್ಡತನ. ಗೇರಿನಲ್ಲಿಟ್ಟ ಗಾಡಿಯ ಶಾಫ್ಟು ಅಲುಗುವುದಿಲ್ಲ. ಚಕ್ರ ಕೂರುವ ಹಬ್ಬನ್ನು ಕೈಯಲ್ಲಿ ಕೂದಲೆಳೆಯಷ್ಟು ತಿರುಗಿಸಿದರೆ ಪಿನಿಯನ್ನು ತಾನಾಗಿ ಹೊಂದಿಕೊಂಡು ಸರ್ರನೆ ಒಳಗೆ ಹೋಗುತ್ತದೆ. ಈ ಎಳೆದಾಟದಲ್ಲಿ ಹಿಂದಿನ ತುಂಡು ಮುಂದಿನದರಿಂದ ಪೂರ್ತಿ ಕಳಚಿತೋ, ಮೇಜಿನ ಮೇಲೆ ಮಾಡಿದ ಸಾಲೆಲ್ಲ ನೀರುಪಾಲು. ಬಿಳಿ ಗೆರೆ ನಿಜವಾಗಿ ಕೆಲಸಕ್ಕೆ ಬರುವುದು ಆಗ. ಕಡೆಗೆ ಕೀಲಿನ ಪಿನ್ನುಗಳು. 12 ಮಿಲಿಮೀಟರ್ ಆಲನ್ ಕೀ ಹಾಕಿ ಹೊಂದಿಸುವ ಪಿನ್ನಿಗೆ ಬೇಕಾದ ಬಿಗಿ ಬರೀ 7 ನ್ಯೂಟನ್ ಮೀಟರ್, ಮಣಿಕಟ್ಟಿನ ಬಲ. ಅಷ್ಟು ದಪ್ಪ ಪಿನ್ನಿಗೆ ಅಷ್ಟು ಹಗುರ ಒತ್ತು. ಅದನ್ನು ಅಲುಗದಂತೆ ಹಿಡಿಯುವ ಭಾರವೆಲ್ಲ ಮೇಲಿನ 30 ಮಿಲಿಮೀಟರ್ ಲಾಕ್‌ನಟ್ಟಿನದು.

ಇಷ್ಟೆಲ್ಲ ಹೇಳಿದ ಮೇಲೆ ಇದು ಜರ್ಮನ್ ಬೈಕಿನ ಒಡೆಯರ ಸೊತ್ತು ಎಂದುಕೊಳ್ಳಬೇಡಿ. ನಮ್ಮ ಲಾರಿ ಗ್ಯಾರೇಜುಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಜಾರುವ ಕೂಡಿಕೆಯ ಎರಡು ಕಡೆಯೂ ಬಾಣದ ಗುರುತು ಒತ್ತಿರುತ್ತಾರೆ. "ಬಾಣಕ್ಕೆ ಬಾಣ ಕೂರಿಸ್ಕೊಳೋ, ಆಮೇಲೆ ಬೋಲ್ಟ್ ಮುಟ್ಟು" ಎಂದು ಮೇಸ್ತ್ರಿ ಹುಡುಗನಿಗೆ ಗದರಿದರೆ, ಹುಕ್‌ನ ಗಣಿತವೆಲ್ಲ ಆ ಒಂದು ಮಾತಿನಲ್ಲಿ ಬಂದುಹೋಯಿತು. ಟ್ರ್ಯಾಕ್ಟರಿನವರು ಇನ್ನೂ ಜಾಣರು. ರೋಟವೇಟರಿಗೆ ಬಲ ಕೊಡುವ ಪಿಟಿಒ ಶಾಫ್ಟಿನ ಒಳಕೊಳವೆ ಹೊರಕೊಳವೆಗಳನ್ನು ಹಲವರು ನಿಂಬೆಹಣ್ಣಿನ ಆಕಾರಕ್ಕೆ ಎಳೆದಿರುತ್ತಾರೆ. ಅದು ಕೂರುವುದೇ ಎರಡು ರೀತಿಯಲ್ಲಿ, ಎರಡೂ ಸರಿ. ತಪ್ಪಲು ದಾರಿಯನ್ನೇ ಮುಚ್ಚಿಬಿಟ್ಟಿದ್ದಾರೆ. ಆದರೆ ಕವಲು ಸಾಲಾಗಿದ್ದರೂ ಕೋನ ಸಮವಾಗಿರಬೇಕಲ್ಲ? ಬದುವಿನ ಬಳಿ ಟ್ರ್ಯಾಕ್ಟರು ಸರಕ್ಕನೆ ತಿರುಗಿದಾಗ, ರೋಟವೇಟರನ್ನು ಎತ್ತಿದಾಗ, ಶಾಫ್ಟು ಕಟಕಟ ಹಲ್ಲು ಕಡಿಯುವುದು ಅದಕ್ಕೇ. ಅನುಭವಸ್ಥ ಡ್ರೈವರು ಆ ತಿರುವಿಗೆ ಮೊದಲೇ ಪಿಟಿಒ ತಪ್ಪಿಸಿರುತ್ತಾನೆ. ಸೂತ್ರ ಓದಿದವನಲ್ಲ, ಕಿವಿಯಿಂದ ಕಲಿತವನು.

ಹಾಗಾಗಿ ಈ ರಸವನ್ನು ಸವಿಯಲು ದುಬಾರಿ ಬೈಕು ಕೊಳ್ಳಬೇಕಿಲ್ಲ, ಸ್ವಿಂಗ್‌ಆರ್ಮ್ ಬಿಚ್ಚಬೇಕಿಲ್ಲ. ಹೊಲದ ಅಂಚಿನಲ್ಲಿ ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ಟ್ರ್ಯಾಕ್ಟರ್ ಕಂಡರೆ, ಡ್ರೈವರನನ್ನು ಒಂದು ಮಾತು ಕೇಳಿ ಹಿಂದಕ್ಕೆ ಹೋಗಿ ಬಗ್ಗಿ ನೋಡಿ. ಪಿಟಿಒ ಶಾಫ್ಟಿನ ಈ ತುದಿಯ ಕವಲು ಮಲಗಿದ್ದರೆ ಆ ತುದಿಯದೂ ಮಲಗಿರಬೇಕು, ಇದು ನಿಂತಿದ್ದರೆ ಅದೂ ನಿಂತಿರಬೇಕು. ಹಾಗಿದ್ದರೆ ತಲೆದೂಗಿ ಮುಂದೆ ಹೋಗಿ. ಇಲ್ಲದಿದ್ದರೆ ಡ್ರೈವರನಿಗೆ ಹೇಳಿ. ರೋಟವೇಟರು ಯಾಕೆ ಇಷ್ಟು ಒದರುತ್ತದೆ ಎಂದು ಅವನು ಸೀಸನ್ನಿನುದ್ದಕ್ಕೂ ತಲೆ ಕೆಡಿಸಿಕೊಂಡಿರುತ್ತಾನೆ.